ಲೇಸರ್ ಹೊಡ್ದು ಮೇಲಿಂದ ಫಿಲ್ಲರ್ ಹಚ್ಚೋದಾ? ಮದ್ವೆ ಮುಂಚೆ ಬೇಡ ಕಣ್ರೀ

ಮೊಡವೆಯಿಂದ ಬಿದ್ದ ಗುಳಿಗಳಿಗೆ ಸೂಜಿ ಚುಚ್ಚದೆ ಲೇಸರ್ ಹೊಡ್ದು ಮೇಲಿಂದಾನೇ ಫಿಲ್ಲರ್ (ಚರ್ಮದಡಿ ತುಂಬಿ ಉಬ್ಬಿಸೋ ಸಾಮಾನು) ಹಚ್ತೀವಿ ಅಂತ ಮೈಸೂರಲ್ಲಿ ಯಾರೋ ಹೇಳವ್ರೆ, ಆರು ವಾರಕ್ಕೆ ಮದ್ವೆ, ಮಾಡಿಸ್ಬೋದಾ ಅಂತ ಕೇಳಿದೀರ. ನಾನು ಮಾಡಿಸ್ಕೊಂಡಿದೀನಿ, ಅದಕ್ಕೇ ಬರೀತಿದೀನಿ.

ಅಕ್ಕಿ ರೊಟ್ಟಿ ತಟ್ಟಿ ಬೆರಳಲ್ಲಿ ತೂತ ಮಾಡಿ ಎಣ್ಣೆ ಬಿಡ್ತೀವಲ್ಲ, ಫ್ರಾಕ್ಷನಲ್ ಸಿಓಟು ಲೇಸರ್ ಮಾಡೋದೂ ಅದೇ, ತೂತ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣವು. ತೂತ ಯಾಕೆ ಬೇಕು ಅಂದ್ರೆ ಚರ್ಮದ ಮೇಲ್ಪದರ 500 ಡಾಲ್ಟನ್‌ಗಿಂತ (ಇದು ಅಣುವಿನ ತೂಕದ ಅಳತೆ) ದೊಡ್ಡ ಅಣುನ ಸುಲಭಕ್ಕೆ ಒಳಗೆ ಬಿಡಲ್ಲ, ಫಿಲ್ಲರ್‌ನ ಹೈಅಲುರಾನಿಕ್ ಆಸಿಡ್ ಲಕ್ಷಗಟ್ಟಲೆ ಡಾಲ್ಟನ್ದು, ಅದನ್ನೂ ಹೆಣೆದು ಜೆಲ್ ಮಾಡಿರ್ತಾರೆ. ಹಂಗಾಗಿ ಲೇಸರ್ ತೂತ ಮಾಡಿದ್ರೂ ಅದು ಬೇಕಾದಷ್ಟು ಒಳಗೋಗಲ್ಲ, ಕೆನ್ನೆ ತುಂಬ್ಕೋಬೇಕು, ತುಟಿ ದಪ್ಪ ಆಗ್ಬೇಕು ಅಂದ್ರೆ ಸೂಜಿನೇ ಗತಿ, ಹಚ್ಚಿದ್ರೆ ಆಗಲ್ಲ.

ನನಗೆ ಹಚ್ಚಿದ್ದು ಪಾಲಿ ಎಲ್ ಲ್ಯಾಕ್ಟಿಕ್ ಆಸಿಡ್. ಇದು ತುಂಬೋ ಸಾಮಾನಲ್ಲ, ಒಳಗೋಗಿ ನಮ್ಮ ಚರ್ಮಾನೇ ಕೊಲಾಜನ್ (ಚರ್ಮನ ಗಟ್ಟಿಯಾಗಿ ಇಡೋ ಪ್ರೋಟೀನು) ಮಾಡೋ ತರ ಕೆಣಕುತ್ತೆ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಮೆರಿಕದಲ್ಲಿ ಮೊದ್ಲು 2004ರಲ್ಲಿ ಎಚ್‌ಐವಿ ಇರೋರ ಬತ್ತಿದ ಕೆನ್ನೆ ಸರಿ ಮಾಡೋಕೆ ಅಂತ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು, ಅದೂ ಇಂಜೆಕ್ಷನ್ ಆಗಿ. ನನಗೆ ನಾಕನೇ ತಿಂಗಳಿಗೆ ಅಗಲ ಗುಳಿಗಳು ಸ್ವಲ್ಪ ಮೇಲೆದ್ವು, ಸೂಜಿ ಮೊನೆ ತರದ ಆಳದ ತೂತಗಳು ಜಪ್ಪಯ್ಯ ಅನ್ಲಿಲ್ಲ.

ಎಡವಟ್ಟಾಗಿದ್ದು ಇಲ್ಲಿ. ಮೇ ತಿಂಗಳು, ದಿನಾ ಶ್ರೀರಂಗಪಟ್ಟಣದಿಂದ ಮಂಡ್ಯಕ್ಕೆ ಬೈಕಲ್ಲಿ ಓಡಾಟ, ಬಿಸಿಲಿಗೆ ಹೋಗ್ಬೇಡಿ ಅಂತ ಕ್ಲಿನಿಕ್‌ನೋರು ಒಂದ್ ಮಾತೂ ಹೇಳಿರ್ಲಿಲ್ಲ, ಮೂರನೇ ವಾರಕ್ಕೆ ಎರಡೂ ಕೆನ್ನೆ ಮೇಲೆ ಕಂದು ಕಲೆ ಎದ್ದು ಅದು ಹೋಗೋಕೇ ಐದ್ ತಿಂಗಳಾಯ್ತು. ನಮ್ಮ ಬಣ್ಣದ ಚರ್ಮಕ್ಕೆ ಲೇಸರ್ ಆದ್ಮೇಲೆ ಇದು ಮಾಮೂಲಿ, ಅಮ್ಮ ಅಂತೂ ದುಡ್ ಕೊಟ್ಟು ಬಂಗು ತಂದ್ಕೊಂಡಾ ಅಂತ ಈಗ್ಲೂ ಆಡ್ಕೋತಾರೆ. ಆರೇ ವಾರ ಇಟ್ಕೊಂಡು ನೀವು ಈ ಕೆಲ್ಸಕ್ಕೆ ಕೈ ಹಾಕ್ಬೇಡಿ.

ಇನ್ನೊಂದು, ಆನ್‌ಲೈನಲ್ಲಿ ಸಿಗೋ ಹೈಅಲುರಾನ್ ಪೆನ್ ಅಂತ ಇದೆ, ಒತ್ತಡದಲ್ಲಿ ಫಿಲ್ಲರ್ ನುಗ್ಗಿಸುತ್ತೆ, ಅದನ್ನ ಬಳಸ್ಬೇಡಿ ಅಂತ ಅಮೆರಿಕದ ಔಷಧಿ ಮೇಲೆ ಕಣ್ಣಿಡೋ ಸಂಸ್ಥೆ ಎಫ್‌ಡಿಎ 2021ರಲ್ಲೇ ಎಚ್ಚರಿಸಿದೆ. ಮನೇಲಿ ಡರ್ಮಾ ರೋಲರ್ (ಸಣ್ಣ ಸೂಜಿಗಳಿರೋ ಉರುಳೆ) ಉಜ್ಜಿ ಸಿಕ್ಕ ಸೀರಮ್ ಹಚ್ಚೋದೂ ಬೇಡ, ತೂತಕ್ಕೆ ಒಳ್ಳೇದು ಕೆಟ್ಟದ್ದು ಗೊತ್ತಾಗಲ್ಲ, ಮೇಲೆ ಹಚ್ಚೋಕೆ ಅಂತ ಮಾಡಿದ್ದು ಒಳಗೋಗಿ ಗಂಟು ಕಟ್ಟಿರೋ ಉದಾಹರಣೆಗಳಿವೆ. ಹೈಅಲುರಾನಿಕ್ ಆಸಿಡ್ ಆದ್ರೆ ಕರಗಿಸೋಕೆ ಹೈಅಲುರಾನಿಡೇಸ್ ಅನ್ನೋ ಇಂಜೆಕ್ಷನ್ ಇದೆ, ನನಗೆ ಹಚ್ಚಿದ್ದಕ್ಕೆ ಅಂತದ್ದು ಇಲ್ಲ.

ಮದ್ವೆ ಮುಗಿಸ್ಕೊಂಡು, ಬಿಸಿಲು ಕಮ್ಮಿ ಆದ್ಮೇಲೆ, ಎಂಡಿ ಡಿವಿಎಲ್ ಓದಿರೋ ಚರ್ಮದ ಡಾಕ್ಟರ್ ಹತ್ರ ಹೋಗಿ. ಏನ್ ಹಚ್ತೀರ, ಡಬ್ಬಿ ತೋರ್ಸಿ ಅನ್ನಿ, ತೋರಿಸ್ಲಿಲ್ಲ ಅಂದ್ರೆ ಎದ್ದು ಬನ್ನಿ.