ಆ ಒಂದು ಮೇಣದಬತ್ತಿ ಮಾತ್ರ ಯಾಕೆ ಗುಲಾಬಿ?

ಆಗಮನ ಕಾಲದ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯ, ಹಸಿರೆಲೆ ಚಕ್ರದಲ್ಲಿ ಭಾನುವಾರಕ್ಕೊಂದರಂತೆ ಹಚ್ಚುವ ನಾಲ್ಕರಲ್ಲಿ ಮೂರು ಮೇಣದಬತ್ತಿ ನೇರಳೆ, ಒಂದೇ ಒಂದು ಗುಲಾಬಿ ಯಾಕೆ, ಬಣ್ಣ ಸಿಗದೆ ಹಾಗಿಟ್ಟಿದ್ದಾ ಅಂತ ಕೇಳಿದ್ದೀರಿ. ಇಲ್ಲ, ಬೇಕಂತಲೇ ಇಟ್ಟಿದ್ದು.

ನೇರಳೆ ಪಶ್ಚಾತ್ತಾಪದ, ಕಾಯುವಿಕೆಯ ಬಣ್ಣ. ಈ ಭಾನುವಾರಗಳಲ್ಲಿ ಪೂಜೆಯಲ್ಲಿ 'ಗ್ಲೋರಿಯಾ' ಎಂಬ ಸ್ತುತಿಗೀತೆಯನ್ನೂ ಹಾಡುವುದಿಲ್ಲ, ಗಮನಿಸಿದ್ದೀರಾ? ಅದನ್ನು ಕ್ರಿಸ್ಮಸ್ ರಾತ್ರಿಗೆ ಎತ್ತಿಟ್ಟಿರುತ್ತಾರೆ. ಮೂರನೇ ಭಾನುವಾರ ಮಾತ್ರ ಸ್ವಲ್ಪ ಸಡಿಲ. ಅದರ ಹೆಸರೇ 'ಗೌದೇತೆ', ಲ್ಯಾಟಿನ್‌ನಲ್ಲಿ 'ಆನಂದಿಸಿ' ಅಂತ. ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದ ಪತ್ರದ ಮಾತು ಅದು. ಅರ್ಧ ದಾರಿ ಮುಗಿಯಿತು, ಹಬ್ಬ ಹತ್ತಿರ ಬಂತು ಅಂತ ಅವತ್ತು ಗುಲಾಬಿ ಬತ್ತಿ ಹಚ್ಚುತ್ತಾರೆ. ಗುರುಗಳೂ ಗುಲಾಬಿ ಪೂಜಾವಸ್ತ್ರ ತೊಡಬಹುದು.

ತಮಾಷೆ ಅಂದ್ರೆ, ಈ ಚಕ್ರ ಮೊದಲು ಕಥೋಲಿಕರದ್ದಲ್ಲ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ವಿಖೆರ್ನ್ ಎಂಬ ಲುಥೆರನ್ (ಪ್ರೊಟೆಸ್ಟೆಂಟ್) ಪಾದ್ರಿ, 'ಕ್ರಿಸ್ಮಸ್ ಯಾವಾಗ' ಅಂತ ಪೀಡಿಸುತ್ತಿದ್ದ ಮಕ್ಕಳಿಗೋಸ್ಕರ ಗಾಡಿಚಕ್ರದ ಮೇಲೆ ಬತ್ತಿಗಳನ್ನು ನಿಲ್ಲಿಸಿದರಂತೆ. ದಿನಕ್ಕೊಂದು ಚಿಕ್ಕದು, ಭಾನುವಾರಕ್ಕೆ ದೊಡ್ಡದು. ನಮ್ಮ ಕಥೋಲಿಕರು ಆಮೇಲೆ ಅದನ್ನು ತಮ್ಮದಾಗಿಸಿಕೊಂಡರು.

ಅಂದಹಾಗೆ, ಮನೆಯಲ್ಲಿ ಗುಲಾಬಿ ಬತ್ತಿ ಇಲ್ಲದಿದ್ದರೆ ನಾಲ್ಕೂ ಬಿಳಿ ಇಟ್ಟರೂ ತಪ್ಪೇನಿಲ್ಲ.