ಊರೇ ಒಪ್ಪಿಕೊಂಡ ಮೇಲೆ ವಕೀಲರು ಯಾಕೆ?

ಮೇಷ್ಟ್ರೇ, ನಮಸ್ಕಾರ.

ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾ ಮೂಲದ ವಕೀಲೆ ಟುಯಿಸಿನಾ ಇಮಾನಿಯಾ ಬ್ರೌನ್ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಹಾಕಿದ ಲೇಖನ ಓದಿ ನೀವು ಉದ್ದನೆಯ ಪತ್ರ ಬರೆದಿದ್ದೀರಿ. ನಿಮ್ಮ ಪ್ರಶ್ನೆ ಇದು: "ಸಮೋವಾದ ಜನ ಫಾಅಫಾಫಿನೆಗಳನ್ನು ತಲೆತಲಾಂತರದಿಂದ ತಮ್ಮವರು ಅಂತಲೇ ನೋಡುತ್ತಾರೆ ಎಂದು ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ವಕೀಲರು, ವಿಶ್ವಸಂಸ್ಥೆ, ಹಕ್ಕು ಅಂತೆಲ್ಲ ಯಾಕೆ? ನೆಮ್ಮದಿಯಾಗಿದ್ದ ಊರಿಗೆ ಹೊರಗಿನ ಜಗಳ ತಂದ ಹಾಗಲ್ವಾ?"

ಲೇಖನ ಓದದವರಿಗಾಗಿ ಒಂದು ಮಾತು. ಗಂಡಾಗಿ ಹುಟ್ಟಿ, ಹೆಣ್ಣಿನ ರೀತಿಯಲ್ಲಿ ಬಾಳುವವರನ್ನು ಸಮೋವಾದಲ್ಲಿ ಫಾಅಫಾಫಿನೆ ಎನ್ನುತ್ತಾರೆ. ಬ್ರೌನ್ ಕೂಡ ಅಂಥವರಲ್ಲಿ ಒಬ್ಬರು.

ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಮನೆಯ ಹಿರಿಯರನ್ನು ನೋಡಿಕೊಳ್ಳುವವರಲ್ಲಿ, ಚರ್ಚಿನಲ್ಲಿ ಹಾಡುವವರಲ್ಲಿ ಫಾಅಫಾಫಿನೆಗಳು ಇದ್ದಾರೆ. 2006ರಲ್ಲಿ ಅವರೇ ಕಟ್ಟಿಕೊಂಡ ಸಮೋವಾ ಫಾಅಫಾಫಿನೆ ಸಂಘಕ್ಕೆ ಅಂದಿನ ಪ್ರಧಾನಿ ಟುಯಿಲಾಏಪಾ ಅವರೇ ಪೋಷಕರಾಗಿದ್ದರು. ಎಷ್ಟು ದೇಶಗಳಲ್ಲಿ ಹೀಗಿದೆ ಹೇಳಿ?

ಇನ್ನರ್ಧ ಕಾನೂನಿನ ಪುಸ್ತಕದಲ್ಲಿದೆ. 1914ರಲ್ಲಿ ಜರ್ಮನಿಯ ಕೈಯಿಂದ ಸಮೋವಾವನ್ನು ಕಿತ್ತುಕೊಂಡದ್ದು ನ್ಯೂಜಿಲೆಂಡ್. ಗಂಡು ಗಂಡಿನ ಸಂಬಂಧವನ್ನು ಅಪರಾಧ ಮಾಡುವ ಕಾನೂನನ್ನು ಅದು 1921ರಲ್ಲಿ ಅಲ್ಲಿಗೂ ತಂದಿತು. ದೇಶ ಸ್ವತಂತ್ರವಾದದ್ದು 1962ರ ಜನವರಿ 1ರಂದು. ಅದರ ಹಿಂದಿನ ವರ್ಷವೇ ಬಂದ ಅಪರಾಧ ಕಾನೂನಿನಲ್ಲಿ ಇನ್ನೊಂದು ಕಲಮು ಸೇರಿತ್ತು: ಸಾರ್ವಜನಿಕ ಜಾಗದಲ್ಲಿ ಗಂಡಸು ಹೆಣ್ಣಿನಂತೆ ತೋರಿಸಿಕೊಂಡರೆ ಅಪರಾಧ. ಅಂದರೆ ಮನೆಯಲ್ಲಿ ಮಗಳಂತಿದ್ದವರು ಬೀದಿಗೆ ಕಾಲಿಟ್ಟರೆ ಅಪರಾಧಿ! ಈ ಕಲಮು ಹೋದದ್ದು 2013ರಲ್ಲಿ. ಗಂಡು ಗಂಡಿನ ಸಂಬಂಧದ ಕಲಮು ಆಗಲೂ ಹೋಗಲಿಲ್ಲ. ಇಬ್ಬರೂ ಒಪ್ಪಿದ್ದರೂ ಅದು ಅಪರಾಧವೇ. ಕಾನೂನು ತಂದ ನ್ಯೂಜಿಲೆಂಡ್ ಮಾತ್ರ ತನ್ನ ನೆಲದಲ್ಲಿ ಅದನ್ನು 1986ರಲ್ಲೇ ತೆಗೆದುಹಾಕಿತು.

ಈಗ ಹೇಳಿ ಮೇಷ್ಟ್ರೇ, ಹೊರಗಿನಿಂದ ಬಂದದ್ದು ಯಾವುದು?

2011ರಲ್ಲಿ ಜಿನೀವಾದಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ವಿಶ್ವಸಂಸ್ಥೆಯ ಪ್ರತಿ ಸದಸ್ಯ ದೇಶವೂ ಕೆಲವು ವರ್ಷಕ್ಕೊಮ್ಮೆ ತನ್ನ ಮಾನವ ಹಕ್ಕುಗಳ ಲೆಕ್ಕ ಒಪ್ಪಿಸಬೇಕು. ಬೇರೆ ದೇಶಗಳು ಪ್ರಶ್ನೆ ಕೇಳುತ್ತವೆ, ಸಲಹೆ ಕೊಡುತ್ತವೆ. ಆ ವರ್ಷ ಸಮೋವಾದ ಸರದಿ. ಫಾಅಫಾಫಿನೆಗಳು ನಮ್ಮ ಸಮಾಜದ ಅವಿಭಾಜ್ಯ ಅಂಗ, ಕುಟುಂಬದ ಮುಖ್ಯಸ್ಥನ ಪಟ್ಟಕ್ಕೂ ಜಮೀನಿಗೂ ಎಲ್ಲರಂತೆ ಹಕ್ಕುದಾರರು ಎಂದು ಸರ್ಕಾರವೇ ಅಲ್ಲಿ ಹೇಳಿತು. ಗಂಡು ಗಂಡಿನ ಸಂಬಂಧದ ಕಲಮು ತೆಗೆಯಿರಿ ಎಂದು ಬೇರೆ ದೇಶಗಳು ಹೇಳಿದಾಗ ಸಂಸ್ಕೃತಿ, ಕ್ರೈಸ್ತ ನಂಬಿಕೆ ಎಂದು ಹಿಂದೆ ಸರಿಯಿತು. ಪ್ರೀತಿ ಇದೆ, ಕಾಗದ ಮಾತ್ರ ಕೊಡುವುದಿಲ್ಲ ಎಂದ ಹಾಗಾಯಿತು.

ವಕೀಲರು ಬೇಕಾಗುವುದು ಇಲ್ಲೇ. ಬ್ರೌನ್ ಅವರ ಹೊಟ್ಟೆಪಾಡಿನ ಕೆಲಸ ಬೌದ್ಧಿಕ ಆಸ್ತಿ ಕಾನೂನು. ಹಕ್ಕುಗಳ ಕೆಲಸವನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ಮಾಡಿದವರು. 2019ರಲ್ಲಿ ವೆಲ್ಲಿಂಗ್ಟನ್ ಸಮ್ಮೇಳನದಲ್ಲಿ ಇಲ್ಗಾ ವರ್ಲ್ಡ್ ಒಕ್ಕೂಟದ ಇಬ್ಬರು ಪ್ರಧಾನ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿ ಆಯ್ಕೆಯಾದರು. ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ದುಡಿಯುವ, 150ಕ್ಕೂ ಹೆಚ್ಚು ದೇಶಗಳ ಸಂಘಟನೆಗಳು ಸೇರಿರುವ ಒಕ್ಕೂಟ ಅದು. ಪುಟ್ಟ ದ್ವೀಪದ ಮೂಲನಿವಾಸಿ ಫಾಅಫಾಫಿನೆಯೊಬ್ಬರು ಅಂಥ ಜಾಗದಲ್ಲಿ ಕೂತದ್ದು ನನಗೆ ತುಂಬ ಮುಖ್ಯ ಅನಿಸುತ್ತದೆ. ಯಾಕೆಂದರೆ 'ಇದೆಲ್ಲ ಪಶ್ಚಿಮದ ಗೀಳು' ಎಂಬ ಮಾತು ಅವರ ಎದುರು ನಿಲ್ಲುವುದಿಲ್ಲ. ತಮ್ಮ ಪದ, ತಮ್ಮ ಬದುಕಿನ ರೀತಿ ಎರಡನ್ನೂ ಅವರು ಸಮೋವಾದಿಂದಲೇ ತಂದಿದ್ದಾರೆ.

ಒಪ್ಪಿಗೆ ಇದ್ದ ಮಾತ್ರಕ್ಕೆ ಮರ್ಯಾದೆ ಸಿಗುತ್ತದೆ ಎನ್ನಲಾಗದು. 2016ರಲ್ಲಿ ರಾಜಧಾನಿ ಆಪಿಯಾದಲ್ಲಿ ಎಳೆ ವಯಸ್ಸಿನ ಫಾಅಫಾಫಿನೆಯೊಬ್ಬರು ತೀರಿಕೊಂಡರು. ಒಂದು ಪತ್ರಿಕೆ ಆ ಶವದ ಚಿತ್ರವನ್ನು ಮುಖಪುಟದಲ್ಲೇ ಹಾಕಿ, 'ಅವನು' ಎಂದು ಬರೆಯಿತು. ಸಮುದಾಯದವರು ಸುಮ್ನೆ ಕೂರಲಿಲ್ಲ. ಕೊನೆಗೆ ಸಂಪಾದಕರು ಕ್ಷಮೆ ಕೇಳಿದರು. ನಾನೂ ಪತ್ರಿಕೆ ನಡೆಸುವವನು. ಆ ಮುಖಪುಟ ಮೇಜಿನಿಂದ ಮೇಜಿಗೆ ಹೋಗುವಾಗ ಒಬ್ಬರೂ ತಡೆಯಲಿಲ್ಲವಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.

'ನಮ್ಮಲ್ಲಿ ಜೋಗಪ್ಪಂದಿರಿಗೆ ಎಷ್ಟು ಗೌರವ, ಅಲ್ಲಿ ಯಾವ ಕಾನೂನಿತ್ತು?' ಎಂದೂ ಕೇಳಿದ್ದೀರಿ. ಎಲ್ಲಮ್ಮನ ಹೆಸರಿನಲ್ಲಿ ಪಡಲಿಗೆ ಹೊತ್ತವರಿಗೆ ಜನ ಕೈಮುಗಿಯುತ್ತಾರೆ, ನಿಜ. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಆದರೆ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿದ್ದು 2011ರಲ್ಲಿ, ಮೊನ್ನೆ ಮೊನ್ನೆ. ಮಕ್ಕಳನ್ನು ಕದಿಯುತ್ತಾರೆಂಬ ಅನುಮಾನ ಇದ್ದರೂ ಸಾಕು, ಹಿಜ್ರಾಗಳ ಹೆಸರು, ವಿಳಾಸ ಪೊಲೀಸರ ಪಟ್ಟಿಗೆ ಸೇರಬೇಕು ಎಂಬ ಕಲಮು. ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯದೇ ಮರುಹುಟ್ಟು. ಜಾತ್ರೆಯಲ್ಲಿ ಸಿಕ್ಕ ಕೈಮುಗಿತ ಇದನ್ನು ತಡೆಯಲಿಲ್ಲ. ಸಮುದಾಯದವರು ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆಯೇ ಅದು ತಿದ್ದುಪಡಿಯಾದದ್ದು. ಸರ್ಕಾರಿ ನೌಕರಿಯಲ್ಲಿ ಶೇ. 1 ಮೀಸಲಾತಿ ಬಂದದ್ದೂ 2021ರಲ್ಲಿ ಕೋರ್ಟಿನ ದಾರಿಯಲ್ಲೇ.

ವಕೀಲರು ಬಂದರೆ ಸಂಬಂಧ ಕೆಡುತ್ತದೆ ಎಂಬ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಹಳ್ಳಿಯಲ್ಲಿ ಕೋರ್ಟು ಎಂದರೆ ಜಗಳ ಅಂತಲೇ ಲೆಕ್ಕ. ಆದರೆ ಒಲವು ಮನೆಯವರ ಮನಸ್ಸಿನ ಮೇಲೆ ನಿಂತದ್ದು. ಅಪ್ಪ ತೀರಿಕೊಂಡು ಅಣ್ಣ ಯಜಮಾನನಾದರೆ ಅದು ಬದಲಾಗಬಹುದು. ಪಾದ್ರಿ ಬದಲಾದರೂ ಸಾಕು. ಆಗ ಹೊರಗೆ ನಿಂತವರ ಕೈಯಲ್ಲಿ ಏನಿರಬೇಕು ಎನ್ನುವುದಷ್ಟೇ ಪ್ರಶ್ನೆ.

ಪೆಸಿಫಿಕ್‌ನಲ್ಲಿ ಇಂಥ ಕಾನೂನನ್ನು ಫಿಜಿ 2010ರಲ್ಲಿ ತೆಗೆಯಿತು, ಪಲಾವ್ 2014ರಲ್ಲಿ, ನೌರು 2016ರಲ್ಲಿ. ಸಮೋವಾದಂತೆಯೇ ನ್ಯೂಜಿಲೆಂಡಿನಿಂದ ಕಾನೂನು ಪಡೆದಿದ್ದ ಕುಕ್ ದ್ವೀಪಗಳು 2023ರಲ್ಲಿ ತೆಗೆದವು. ಅಲ್ಲೂ ಚರ್ಚುಗಳಿವೆ, ಭಾನುವಾರದ ಪ್ರಾರ್ಥನೆ ಇದೆ. ಸಮೋವಾದ ಸಂಸತ್ತಿಗೂ ಇದು ಆಗದ ಕೆಲಸವಲ್ಲ.

ನಿಮ್ಮ ಪತ್ರವನ್ನು ಈ ಸಂಚಿಕೆಯಲ್ಲಿ ಪೂರ್ತಿಯಾಗಿ ಹಾಕುತ್ತಿದ್ದೇವೆ. ಇದಕ್ಕೂ ಉತ್ತರ ಬರೆಯಿರಿ.

— ಸಂಪಾದಕ