ಅಪ್ಪನ ಸಮಾಧಿ ಒಂದೇ, ಮಕ್ಕಳದು ಮೂರು ಸಭೆ

ಪ್ರಶ್ನೆ: ಅಕ್ಕಾ, ನಾವು ಮೂಡಿಗೆರೆ ಕಡೆಯವರು, ಮೂವರು ಅಣ್ಣತಮ್ಮಂದಿರು. ನಾನು ನಡುವಿನವನು. ಅಪ್ಪ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಪ್ರೊಟೆಸ್ಟೆಂಟ್ ಸಭೆಯವರು, ನಾನೂ ಅಲ್ಲೇ ಇದ್ದೇನೆ. ಅಣ್ಣ ಮದುವೆಯಾದ ಮೇಲೆ ಕಥೋಲಿಕರ ಚರ್ಚಿಗೆ ಹೋಗುತ್ತಾನೆ. ತಮ್ಮ ಬೆಂಗಳೂರಿನಲ್ಲಿ ಹೊಸ ಪ್ರಾರ್ಥನಾ ಸಭೆ ಸೇರಿ ಮತ್ತೊಮ್ಮೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ತೆಗೆದುಕೊಂಡ. ಕಥೋಲಿಕರು ತೀರಿಹೋದವರನ್ನು ನೆನೆಯುವ ದಿನ, ಹೋದ ನವೆಂಬರ್ 2ರಂದು, ಅಣ್ಣ ಅಪ್ಪನ ಸಮಾಧಿ ಮೇಲೆ ಮೇಣದಬತ್ತಿ ಹಚ್ಚಿದ. ತಮ್ಮ ಅದನ್ನು ಆರಿಸಿಬಿಟ್ಟ. ಮಾತಿಗೆ ಮಾತು ಬೆಳೆದು, "ಅಪ್ಪ ನಮಗೆ ಮಾಡಿಸಿದ ದೀಕ್ಷಾಸ್ನಾನವೇ ಲೆಕ್ಕಕ್ಕಿಲ್ಲ" ಅಂದ. ಕ್ರಿಸ್‌ಮಸ್‌ಗೆ ಇಬ್ಬರೂ ಬರಲಿಲ್ಲ. ಅಮ್ಮ ಮಾಡಿದ ಕಡುಬು ಹಾಗೇ ಉಳಿಯಿತು. ಬರುವ ತಿಂಗಳು ಅಪ್ಪ ತೀರಿಹೋಗಿ ಒಂದು ವರ್ಷ. ಏನು ಮಾಡಲಿ?

ಉತ್ತರ: ತಮ್ಮಾ, ನಿನ್ನ ಕಾಗದವನ್ನು ಎರಡು ಸಲ ಓದಿದೆ. ಉಳಿದ ಆ ಕಡುಬಿನ ಹತ್ತಿರವೇ ಎರಡೂ ಸಲ ನಿಂತುಬಿಟ್ಟೆ.

ಮೊದಲು ನನ್ನ ತಪ್ಪು ಹೇಳುತ್ತೇನೆ. ನನ್ನ ತಂಗಿ ಚಿಕ್ಕಮಗಳೂರಿನ ಒಂದು ಕಥೋಲಿಕ ಮನೆಗೆ ಸೊಸೆಯಾಗಿ ಹೋದಾಗ ನಾನು ಮದುವೆಗೆ ಹೋಗಲಿಲ್ಲ. ಏಳು ವರ್ಷ ಮಾತಿಲ್ಲ, ಕತೆಯಿಲ್ಲ. ಆಮೇಲೆ ಅಮ್ಮನಿಗೆ ಕಾಯಿಲೆ ಜೋರಾಯಿತು. ನಾನು ನರ್ಸ್. ಹಾಸನದಲ್ಲಿ ಅಮ್ಮನ ಮಂಚದ ಈ ಕಡೆ ನಾನು ಕೂತಿದ್ದೆ, ಆ ಕಡೆ ತಂಗಿ ಮತ್ತು ಅವಳ ಗಂಡ. ಅಮ್ಮ ಕೈ ಎತ್ತಿ ಪ್ರಾರ್ಥನೆ ಮಾಡಿ ಎಂದು ಸನ್ನೆ ಮಾಡಿದರು. ಯೇಸು ಕಲಿಸಿದ ಪ್ರಾರ್ಥನೆಯನ್ನೇ ಶುರು ಮಾಡಿದೆವು. ನಾನು "ನಿನ್ನ ನಾಮ" ಅಂದೆ, ಅವರು "ನಿಮ್ಮ ನಾಮ" ಅಂದರು. ನಮ್ಮ ಕಡೆ ದೇವರಿಗೆ ಏಕವಚನ, ಅವರ ಕಡೆ ಬಹುವಚನ. ಮಾತು ಒಂದಕ್ಕೊಂದು ತಾಗಿ ತಡವರಿಸಿತು. ತಂಗಿ ಸುಮ್ಮನಾಗಿ ನನ್ನನ್ನು ಕಾದಳು, ನಾನು ಅವಳನ್ನು ಕಾದೆ. "ನಮ್ಮ ತಂದೆಯೇ" ಅನ್ನುವುದು ಮಾತ್ರ ಇಬ್ಬರದೂ ಒಂದೇ ಇತ್ತು. ಅಮ್ಮ ಕಣ್ಣು ಮುಚ್ಚಿಕೊಂಡೇ ಎರಡನ್ನೂ ಕೇಳಿಸಿಕೊಂಡರು. ಆ ಏಳು ವರ್ಷ ವಾಪಸ್ ಬರುವುದಿಲ್ಲ ಎಂದು ಆವತ್ತು ಹೊಟ್ಟೆ ಉರಿಯಿತು.

ನಿಮ್ಮ ಜಗಳದ ಬೇರು ಮೇಣದಬತ್ತಿ ಅಲ್ಲ ಅನ್ನಿಸುತ್ತೆ. "ಲೆಕ್ಕಕ್ಕಿಲ್ಲ" ಅನ್ನುವ ಆ ಮಾತು. ನೀನು ಹೋಗುವ ಸಭೆ ಹುಟ್ಟಿದ್ದು ಹೇಗೆ ಗೊತ್ತಲ್ವಾ? 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ ಕೆಲವರು ಕೂತು, ನಾವು ಒಂದಾಗಬೇಕು ಎಂದು ಮಾತು ಶುರು ಮಾಡಿದರು. ಅದು ಮುಗಿಯಲು 28 ವರ್ಷ ಬೇಕಾಯಿತು. ಆಂಗ್ಲಿಕನ್ನರಿಗೆ, ಅಂದರೆ ಇಂಗ್ಲೆಂಡ್ ಸಭೆಯ ಕಡೆಯವರಿಗೆ, ಬಿಷಪ್ ಬೇಕೇ ಬೇಕು. ಪ್ರೆಸ್‌ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳಲ್ಲಿ ಬಿಷಪ್ಪೇ ಇಲ್ಲ. ನಮ್ಮ ಹಾಸನದ ಕಡೆಯ ವೆಸ್ಲಿಯವರಿಗೆ (ಮೆಥಡಿಸ್ಟರಿಗೆ) ಅವರದೇ ಕ್ರಮ. ಕೊನೆಗೆ ಗಂಟು ಬಿಚ್ಚಿದ್ದು ಹೀಗೆ: ಮುಂದೆ ಬರುವ ಸಭಾಪಾಲಕರಿಗೆಲ್ಲ ಬಿಷಪ್ಪರೇ ಅಭಿಷೇಕ ಮಾಡಿ ಸೇವೆಗೆ ನೇಮಿಸುತ್ತಾರೆ, ಆದರೆ ಈಗಾಗಲೇ ಸೇವೆಯಲ್ಲಿರುವ ಯಾರಿಗೂ ಮತ್ತೊಮ್ಮೆ ಅಭಿಷೇಕ ಇಲ್ಲ. ನಿಮ್ಮದು ಲೆಕ್ಕಕ್ಕಿಲ್ಲ ಎಂದು ಯಾರಿಗೂ ಹೇಳಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸಂತ ಜಾರ್ಜರ ಕೆಥೆಡ್ರಲ್‌ನಲ್ಲಿ ಎಲ್ಲರೂ ಸೇರಿದರು. ದೇಶ ಎರಡು ಹೋಳಾಗಿ ಆರು ವಾರವಾಗಿತ್ತು ಅಷ್ಟೇ. ಅದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತೆ.

ಕಥೋಲಿಕರೂ ಹಾಗೇ. ತಂದೆ, ಮಗ, ಪವಿತ್ರಾತ್ಮನ ಹೆಸರಲ್ಲಿ ನೀರಿನ ದೀಕ್ಷಾಸ್ನಾನ ಆಗಿದ್ದರೆ, ಇನ್ನೊಂದು ಸಭೆಯಲ್ಲಿ ಆಗಿದ್ದರೂ ಮತ್ತೆ ಮಾಡುವುದಿಲ್ಲ. ನಿನ್ನ ತಮ್ಮನ ಸಭೆ ಇದನ್ನು ಒಪ್ಪುವುದಿಲ್ಲ, ಬುದ್ಧಿ ಬಂದ ಮೇಲೆ ತೆಗೆದುಕೊಂಡದ್ದೇ ದೀಕ್ಷಾಸ್ನಾನ ಎಂದು ಅವರ ನಂಬಿಕೆ. ಅದನ್ನು ನೀನು ವಾದ ಮಾಡಿ ಬದಲಾಯಿಸಲಾರೆ. ಅವನ ನಂಬಿಕೆ ಅವನಿಗಿರಲಿ. ಅಪ್ಪ ಮೂರು ಮಕ್ಕಳನ್ನು ಎತ್ತಿಕೊಂಡು ಚರ್ಚಿಗೆ ಹೋದದ್ದನ್ನು ಮಾತ್ರ ಹಗುರ ಮಾಡಬೇಡ ಎಂದು ಮೆತ್ತಗೆ ಕೇಳು. ಅಣ್ಣನೂ ನೀನೂ ಅವನ ಎರಡನೇ ಸ್ನಾನದ ಬಗ್ಗೆ ಆಡಿಕೊಂಡಿದ್ದರೆ ಅದನ್ನೂ ನಿಲ್ಲಿಸಿ. ಆಡಿಕೊಂಡಿರುತ್ತೀರಿ, ನನಗೆ ಗೊತ್ತು. ಬೈಬಲಿನಲ್ಲಿ ಬರುವ ಕೊರಿಂಥ ಸಭೆಯವರೂ "ನಾನು ಪೌಲನವನು, ನಾನು ಅಪೊಲ್ಲೋಸನವನು" ಎಂದು ಬಡಿದಾಡಿದವರೇ. ಕ್ರಿಸ್ತನನ್ನು ಹಂಚಿಬಿಟ್ಟಿರಾ ಎಂದು ಅಪೊಸ್ತಲ ಪೌಲ ಕಾಗದ ಬರೆದು ಅವರನ್ನು ಕೇಳುತ್ತಾನೆ.

ವರ್ಷದ ದಿನಕ್ಕೆ ಹೀಗೆ ಮಾಡು. ಅಣ್ಣ ಅವರ ಚರ್ಚಿನಲ್ಲಿ ಪೂಜೆ ಕೊಡಿಸಲಿ, ಹೋಗಿ ಕೂತುಕೋ. ಪ್ರಸಾದ ತೆಗೆದುಕೊಳ್ಳಲು ಅಲ್ಲಿ ನಿನಗೆ ಅವಕಾಶ ಇರುವುದಿಲ್ಲ, ಬೇಸರ ಮಾಡಿಕೊಳ್ಳಬೇಡ. ಪ್ರಾರ್ಥನೆಗೆ ಯಾರ ತಡೆಯೂ ಇಲ್ಲ. ಮೂವರೂ ಸೇರುವುದು ಮಾತ್ರ ಯಾವ ಚರ್ಚಿನಲ್ಲೂ ಬೇಡ, ಅಮ್ಮನ ಮನೆಯಲ್ಲಿ.

ಊಟಕ್ಕೆ ಮುಂಚೆ ಸಮಾಧಿಗೆ ಹೋಗಿ. ಮಲೆನಾಡಿನ ಮಳೆ ಕಂಡ ಸಮಾಧಿ, ಪಾಚಿ ಕಟ್ಟಿ ಕಪ್ಪಾಗಿರುತ್ತೆ, ಸಂದಿನಲ್ಲೆಲ್ಲ ಹುಲ್ಲು. ತಮ್ಮ ಮೇಣದಬತ್ತಿ ಹಚ್ಚುವುದು ಬೇಡ. ಅವನ ಕೈಗೆ ಕತ್ತಿ ಕೊಡು, ಹುಲ್ಲು ಸವರಲಿ. ನೀನು ಪಾಚಿ ಉಜ್ಜಿ ಸುಣ್ಣ ಬಳಿ. ಅಣ್ಣ ಬತ್ತಿ ಹಚ್ಚಲಿ, ಅದನ್ನು ಯಾರೂ ಆರಿಸುವುದು ಬೇಡ. ಬೆವರು ಸುರಿಸಿ ಕೆಲಸ ಮಾಡುವಾಗ ಮನುಷ್ಯರಿಗೆ ಜಗಳ ಕಮ್ಮಿ.

ಕಾಫಿ ಕೊಯ್ಲು, ಪುರುಸೊತ್ತಿಲ್ಲ ಅನ್ನಬೇಡ. ತಮ್ಮನಿಗೆ ಈ ವಾರವೇ ಫೋನ್ ಮಾಡು. ವಾಟ್ಸಾಪ್‌ನಲ್ಲಿ ಬೈಬಲ್ ವಾಕ್ಯ ಕಳಿಸಿ ಸುಮ್ಮನಾಗಬೇಡ. ಅಮ್ಮನ ಕೈಲಿ ಮಾಡಿಸಬೇಡ, ನೀನೇ ಮಾಡು. ಊಟಕ್ಕೆ ಏನು ಮಾಡಿಸಲಿ ಎಂದು ಕೇಳು.